ಮರಳಿ ಬಂದ ಪ್ರೇಕ್ಷಕ: ಷೇಕ್ಸ್‌ಪಿಯರನ ವಿನೋದನಾಟಕಗಳೂ ಬೆಂಗಳೂರಿನ ದಕ್ಷಿಣಭಾಗವೂ

ರಂಗಭೂಮಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೂರು ಬಗೆಯ ಆಧಾರಗಳನ್ನು ಅವಲಂಬಿಸುವರು: ಅಚ್ಚಾದ ನಾಟಕ, ನಟನ ಆತ್ಮಕಥೆ, ವೃತ್ತಪತ್ರಿಕೆಯ ವಿಮರ್ಶೆ. ಈ ಮೂರಕ್ಕೂ ಒಂದು ಕೊರತೆಯುಂಟು. ಅಚ್ಚಾದ ಕೃತಿಯು ಆಟಕ್ಕೆ ಮುಂಚಿನದು. ಆತ್ಮಕಥೆಯು ಬಹುಕಾಲದ ಮೇಲೆ ಬಂದುದು. ವಿಮರ್ಶಕನಾದರೋ ಒಂದು ರಾತ್ರಿ ಬಂದು, ನೋಡಿ, ಬರೆದು ಹೋದವನು. ಒಂದೇ ನಾಟಕವನ್ನು, ತನಗೆ ಪ್ರಿಯನಾದ ಒಬ್ಬ ನಟನಿಗಾಗಿ ಅಥವಾ ಒಬ್ಬ ನಟಿಗಾಗಿ, ಮತ್ತೆ ಮತ್ತೆ ಹೋಗಿ ನೋಡಿದವನೊಬ್ಬನಿರುವನಷ್ಟೆ. ಅವನ ಸಾಕ್ಷ್ಯವನ್ನು ನಾವು ಕೇಳಿಯೇ ಇಲ್ಲ. ಆಟವು ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ಹೇಗೆ ಬದಲಾಯಿಸಿತೆಂಬುದನ್ನು ಬಲ್ಲವನು ಅವನೊಬ್ಬನೇ. ಷೇಕ್ಸ್‌ಪಿಯರನ ವಿನೋದನಾಟಕಗಳ ವಿಷಯದಲ್ಲಿ ಕನ್ನಡಿಗರಿಗೆ ಈ ಸಾಕ್ಷ್ಯವು ಏಕೆ ದೊರೆಯದೆ ಹೋಯಿತು, ಬೆಂಗಳೂರಿನ ದಕ್ಷಿಣಭಾಗದ ಒಂದು ರಂಗಮಂದಿರದಲ್ಲಿ ಅದು ಈಗ ಹೇಗೆ ದೊರೆಯುವಂತಾಗಿದೆ ಎಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ಆಂಗ್ಲರ ಕಡೆಗೆ ನೋಡೋಣ. ಷೇಕ್ಸ್‌ಪಿಯರನ ‘ಹನ್ನೆರಡನೆಯ ರಾತ್ರಿ’ ಎಂಬ ನಾಟಕದ ಪ್ರಯೋಗವನ್ನು ಕುರಿತು ನಮಗೆ ದೊರೆತಿರುವ ಅತಿ ಹಳೆಯ ಬರಹವು ಒಬ್ಬ ಪ್ರೇಕ್ಷಕನ ದಿನಚರಿ. ಲಂಡನ್ನಿನಲ್ಲಿ ನ್ಯಾಯಶಾಸ್ತ್ರವನ್ನು ಓದುತ್ತಿದ್ದ ಜಾನ್ ಮ್ಯಾನಿಂಗ್‌ಹ್ಯಾಂ ಎಂಬಾತನು ೧೬೦೨ನೆಯ ಫೆಬ್ರವರಿ ೨ರಂದು ಮಿಡಲ್ ಟೆಂಪಲ್ ಎಂಬ ವಿದ್ಯಾಮಂದಿರದಲ್ಲಿ ಆ ಆಟವನ್ನು ಕಂಡು, ಅದು ಅದೇ ಕವಿಯ ‘ಕಾಮಿಡಿ ಆಫ್ ಎರರ್ಸ್’ ಎಂಬುದನ್ನು ಹೋಲುವುದೆಂದೂ, ಮನೆವಾರ್ತೆಯವನನ್ನು ಸುಳ್ಳು ಪತ್ರದಿಂದ ಬೇಸ್ತುಬೀಳಿಸುವ ಹೂಟವು ಸೊಗಸಾಗಿರುವುದೆಂದೂ ಬರೆದಿಟ್ಟಿರುವನು. ಅವನು ಎರಡನೆಯ ಸಲ ಹೋದನೆಂಬುದಕ್ಕೆ ಆ ದಿನಚರಿಯಲ್ಲಿ ಗುರುತಿಲ್ಲ.

ಎರಡನೆಯ ಸಲವಲ್ಲ, ಮೂರನೆಯ ಸಲವೂ ಹೋದವನು ಸ್ಯಾಮ್ಯುಯಲ್ ಪೀಪ್ಸ್. ನೌಕಾಪಡೆಯ ಕಚೇರಿಯ ಈ ಅಧಿಕಾರಿಯು ೧೬೬೦ರಿಂದ ೧೬೬೯ರವರೆಗೆ ಬರೆದ ದಿನಚರಿಯು ಪ್ರಸಿದ್ಧವಾದುದು. ‘ಹನ್ನೆರಡನೆಯ ರಾತ್ರಿ’ಯನ್ನು ಅವನು ೧೬೬೧, ೧೬೬೩ ಮತ್ತು ೧೬೬೯ನೆಯ ಇಸವಿಗಳಲ್ಲಿ ನೋಡಿದನು. ವಿನೋದವೆಂದರೆ, ಮೂರು ಸಲವೂ ಅವನಿಗೆ ನಾಟಕವು ಹಿಡಿಸಲಿಲ್ಲ! ಮೊದಲನೆಯ ಸಲ, ಹೆಂಡತಿಯನ್ನು ಬಿಟ್ಟು ನಾಟಕಕ್ಕೆ ಹೋಗುವುದಿಲ್ಲವೆಂದು ಕೊಟ್ಟ ಮಾತನ್ನು ಮುರಿದು ಹೋದುದರಿಂದ, ಆಟದ ಸುಖವೇ ಅವನಿಗೆ ದಕ್ಕಲಿಲ್ಲ. ಎರಡನೆಯ ಸಲ ನಟರು ಚೆನ್ನಾಗಿ ಆಡಿದರೆಂದು ಒಪ್ಪಿಕೊಂಡು ಕೃತಿಯನ್ನು ಜರೆದನು. ಮೂರನೆಯ ಸಲವಂತೂ ತಾನು ರಂಗದ ಮೇಲೆ ಕಂಡ ಅತಿ ದುರ್ಬಲವಾದ ನಾಟಕಗಳಲ್ಲಿ ಇದೂ ಒಂದೆಂದನು. ಹಾಗಾದರೆ ಹೋದುದೇಕೆ? ಆ ಕಾಲದ ಪ್ರಯೋಗದಲ್ಲಿ ಸರ್ ಟೋಬಿಯ ಪಾತ್ರವನ್ನು ವಹಿಸಿದ್ದವನು ಬೆಟರ್ಟನ್ ಎಂದು, ಆ ನಾಟಕಶಾಲೆಯಲ್ಲಿ ಸೂತ್ರಧಾರನ ಪುಸ್ತಕವನ್ನು ಹಿಡಿದಿದ್ದ ಡೌನ್ಸ್ ಎಂಬುವನು ೧೭೦೮ರ ತನ್ನ ಗ್ರಂಥದಲ್ಲಿ ಹೇಳಿರುವನು. ಬೆಟರ್ಟನ್ನನಾದರೋ ಪೀಪ್ಸನಿಗೆ ಅತ್ಯಂತ ಪ್ರಿಯನಾದ ನಟ. ಕವಿಯನ್ನು ಮೆಚ್ಚದೆಯೂ ನಟನಿಗಾಗಿ ಮರಳಿ ಬರುವ ಪ್ರೇಕ್ಷಕನುಂಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ನನಗೆ ತಿಳಿಯದು.

ಮೂರನೆಯವನು ಚಾರ್ಲ್ಸ್ ಲ್ಯಾಂಬ್. ಈತನ ಪ್ರಬಂಧಗಳು ನಮ್ಮ ಹಿಂದಿನ ತಲೆಮಾರಿನ ಕಾಲೇಜು ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾಗಿದ್ದುವು. ೧೮೨೨ರಲ್ಲಿ ಹಳೆಯ ನಟರನ್ನು ಕುರಿತು ಅವನು ಬರೆದ ಲೇಖನಕ್ಕೆ ಕಾರಣವಾದುದು ಆಕಸ್ಮಿಕವಾಗಿ ಕೈಗೆ ಸಿಕ್ಕಿದ ಒಂದು ಹಳೆಯ ನಾಟಕದ ಹಸ್ತಪತ್ರಿಕೆ. ಆ ನಾಟಕವೂ ‘ಹನ್ನೆರಡನೆಯ ರಾತ್ರಿ’ಯೇ. ಮೂವತ್ತು ವರ್ಷಗಳ ಹಿಂದೆ ಕಂಡ ಶ್ರೀಮತಿ ಜಾರ್ಡನ್ನಳ ವಯೋಲಾ, ಬೆನ್ಸ್‌ಲಿಯ ಮಾಲ್ವೋಲಿಯೋ, ಇವರ ದನಿ, ನಿಲುವು, ತಡೆದು ತಡೆದು ಮಾತನಾಡುವ ರೀತಿಗಳನ್ನೆಲ್ಲ ಅವನು ಆ ಹಾಳೆಯ ನೆವದಿಂದ ನೆನೆದನು. ಎಲ್ಲರೂ ನಕ್ಕು ಬಿಟ್ಟುಬಿಡುವ ಮಾಲ್ವೋಲಿಯೋವಿನಲ್ಲಿ ಬೆನ್ಸ್‌ಲಿಯು ಒಂದು ಬಗೆಯ ಘನತೆಯನ್ನೂ ದುರಂತದ ಛಾಯೆಯನ್ನೂ ತೋರಿಸಿದನೆಂಬುದು ಲ್ಯಾಂಬನ ಸಾಕ್ಷ್ಯ. ಅವನ ನೆನಪು ಎಲ್ಲೆಡೆಯಲ್ಲೂ ನಂಬತಕ್ಕದ್ದಲ್ಲವೆಂದು ವಿದ್ವಾಂಸರು ಸಂಶಯಪಟ್ಟಿರುವುದುಂಟು. ಇದ್ದರೂ ಇರಲಿ, ಸಂಶಯಪಡುವುದಕ್ಕಾದರೂ ಅವರಿಗೆ ಒಂದು ಬರಹವಿದೆ.

ಈಗ ನಮ್ಮ ಕಡೆಗೆ ಬರೋಣ. ಷೇಕ್ಸ್‌ಪಿಯರನು ಕನ್ನಡಕ್ಕೆ ಬಂದುದು ದುರಂತನಾಟಕಗಳ ಮೂಲಕವೆಂದು ಅನೇಕರು ತಿಳಿದಿರುವರು. ವಾಸ್ತವವಾಗಿ ಆತನು ನಗುತ್ತಲೇ ಬಂದನು. ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು ೧೮೭೧ರಲ್ಲಿ ಪ್ರಕಟಿಸಿದ ‘ನಗದವರನ್ನು ನಗಿಸುವ ಕಥೆ’ ಎಂಬುದು ‘ಕಾಮಿಡಿ ಆಫ್ ಎರರ್ಸ್’ ನಾಟಕದ ರೂಪಾಂತರ. ಅದೇ ಕಥೆಯನ್ನು ಬಂಗಾಳದ ಈಶ್ವರಚಂದ್ರ ವಿದ್ಯಾಸಾಗರರು ೧೮೬೯ರಲ್ಲಿ ‘ಭ್ರಾಂತಿವಿಲಾಸ’ವೆಂದು ಬರೆದಿದ್ದರು, ಅದನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಹೀಗೆ ಒಂದೇ ಕಥೆಯು ಕನ್ನಡನಾಡಿಗೆ ಎರಡು ದಾರಿಗಳಿಂದ ಬಂದಿತು. ಒಂದು ಇಂಗ್ಲೀಷಿನಿಂದ ನೇರವಾಗಿ ಧಾರವಾಡಕ್ಕೆ, ಇನ್ನೊಂದು ಕಲ್ಕತ್ತೆಯನ್ನು ಬಳಸಿಕೊಂಡು ಮೈಸೂರು ಸೀಮೆಗೆ. ಮುಂದೆ ಎಂ. ಎಲ್. ಶ್ರೀಕಂಠೇಶಗೌಡರು ಮ್ಯಾಕ್‌ಬೆತ್ತನ್ನು ‘ಪ್ರತಾಪರುದ್ರದೇವ’ನಾಗಿಸಿದಂತೆಯೇ ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕವನ್ನು ‘ಪ್ರಮೀಲಾರ್ಜುನೀಯ’ವಾಗಿಸಿದರು. ಅಥೆನ್ಸಿನ ಕಾಡಿನ ಕಥೆಯು ಅರ್ಜುನನ ಕಥೆಯೊಳಗೆ ಸೇರಿಹೋಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹೆಸರು, ಊರು, ಕುಲ, ದೇವತೆ ಎಲ್ಲವೂ ಬದಲಾದ ಮೇಲೆ ಪ್ರೇಕ್ಷಕನಿಗೆ ತಾನು ನೋಡುತ್ತಿರುವುದು ಯಾರ ನಾಟಕವೆಂಬುದು ತಿಳಿಯುವಂತಿರಲಿಲ್ಲ. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ದುರಂತನಾಟಕಗಳ ಭಾಷಾಂತರಗಳಿಗೆ ಪಂಡಿತರ ಮನ್ನಣೆ ದೊರೆತು, ಅವುಗಳ ಮೂಲವು ಯಾವುದೆಂಬ ನೆನಪು ಉಳಿಯಿತು. ವಿನೋದನಾಟಕಗಳು ಜನರೊಳಗೆ ಬೆರೆತು ಮೂಲವನ್ನು ಕಳೆದುಕೊಂಡವು. ಇದನ್ನು ನಷ್ಟವೆನ್ನಬೇಕೋ ಲಾಭವೆನ್ನಬೇಕೋ ನಾನರಿಯೆ. ಚರಿತ್ರಕಾರನಿಗೆ ಮಾತ್ರ ತೊಡಕಾಯಿತು.

ಕಂಪೆನಿ ನಾಟಕಗಳ ಕಾಲದಲ್ಲಿ ಮರಳಿ ಬರುವ ಪ್ರೇಕ್ಷಕರಿಗೇನೂ ಕೊರತೆಯಿರಲಿಲ್ಲ. ಆ ವ್ಯವಹಾರವೇ ಅವರನ್ನು ನಂಬಿ ನಿಂತಿದ್ದಿತು. ಮಂಡಳಿಯು ಒಂದು ಊರಿನಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು, ತನ್ನಲ್ಲಿದ್ದ ನಾಟಕಗಳನ್ನು ಸರದಿಯ ಮೇಲೆ ಆಡುತ್ತಿದ್ದಿತು. ಊರಿನ ಜನಸಂಖ್ಯೆಯು ಅಷ್ಟೇ ಇರುವಲ್ಲಿ, ನಿನ್ನೆ ನೋಡಿದವನು ನಾಳೆಯೂ ಬರದಿದ್ದರೆ ಚಪ್ಪರ ಕೀಳಬೇಕಾಗುತ್ತಿತ್ತು. ಎ. ವಿ. ವರದಾಚಾರ್ಯರ ರತ್ನಾವಳಿ ಮಂಡಳಿಯ ಆಟಗಳಿಗೆ ಜನರು ನೆರೆಯುತ್ತಿದ್ದುದು ಕಥೆಗಾಗಿ ಅಲ್ಲ. ಪ್ರಹ್ಲಾದನ ಕಥೆಯನ್ನು ತಿಳಿಯದವರು ಯಾರು? ಆಚಾರ್ಯರ ಹಿರಣ್ಯಕಶಿಪುವನ್ನು ಇನ್ನೊಮ್ಮೆ ಕಾಣಬೇಕು, ಆ ಕಂಠವನ್ನು ಇನ್ನೊಮ್ಮೆ ಕೇಳಬೇಕೆಂಬುದೇ ಅವರ ಆಸೆ. ಈ ಆಸೆಗೆ ಅಂದಿನ ರಂಗಭೂಮಿಯು ಒಂದು ಹೆಸರನ್ನೂ ಕೊಟ್ಟಿದ್ದಿತು: ‘ವನ್ಸ್‌ಮೋರ್’. ಹಾಡು ಮುಗಿದೊಡನೆ ನೆಲದ ಪ್ರೇಕ್ಷಕರೂ ಕುರ್ಚಿಯ ಪ್ರೇಕ್ಷಕರೂ ಒಂದೇ ದನಿಯಲ್ಲಿ ಕೂಗುವರು. ನಟನು ಮತ್ತೆ ಹಾಡುವನು. ರಣರಂಗದಲ್ಲಿ ಮಡಿದು ಬಿದ್ದವನು ಕೂಗಿಗೆ ಮಣಿದು ಎದ್ದು ಹಾಡಿ ಮರಳಿ ಮಡಿದನೆಂಬ ಕಥೆಗಳು ಬೇಕಾದಷ್ಟಿವೆ. ಮರಳಿ ನೋಡುವ ಬಯಕೆಯು ಅಂದು ಮುಂದಿನ ಆಟದವರೆಗೂ ಕಾಯುತ್ತಿರಲಿಲ್ಲ.

ಗುಬ್ಬಿ ಕಂಪೆನಿಯ ‘ಸದಾರಮೆ’ಯ ವಿಚಾರವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅದು ಷೇಕ್ಸ್‌ಪಿಯರನದಲ್ಲ. ಆದರೆ ಗಂಡುವೇಷವನ್ನು ತೊಟ್ಟು ಕಷ್ಟಗಳನ್ನು ದಾಟುವ ನಾಯಕಿಯು ಅಲ್ಲಿಯೂ ಇರುವಳು; ‘ಹನ್ನೆರಡನೆಯ ರಾತ್ರಿ’ಯ ವಯೋಲಾ ಅವಳನ್ನು ಕಂಡರೆ ತನ್ನ ಬಂಧುವೆಂದು ಗುರುತಿಸದೆ ಇರಳು. ಷೇಕ್ಸ್‌ಪಿಯರನ ಕಾಲದಲ್ಲಿ ಹುಡುಗನೊಬ್ಬನು ಹೆಣ್ಣಿನ ಪಾತ್ರವನ್ನು ವಹಿಸಿ, ಆ ಹೆಣ್ಣು ಗಂಡಿನ ವೇಷವನ್ನು ಧರಿಸುತ್ತಿದ್ದಳು. ನಮ್ಮಲ್ಲಿಯೂ ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದ ಕಾಲದಲ್ಲಿ ಈ ಇಮ್ಮಡಿ ವೇಷದ ಚಮತ್ಕಾರವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇಷ್ಟಾದರೂ ‘ಸದಾರಮೆ’ಗೆ ಜನರು ಮರಳಿ ಮರಳಿ ಹೋದುದು ನಾಯಕಿಗಾಗಿ ಅಲ್ಲ, ಕಳ್ಳನಿಗಾಗಿ; ಏಕೆಂದರೆ ಆ ಕಳ್ಳನು ಗುಬ್ಬಿ ವೀರಣ್ಣನವರು. ವೀರಣ್ಣನವರು ‘ಕಲೆಯೇ ಕಾಯಕ’ವೆಂಬ ಆತ್ಮಕಥೆಯನ್ನು ನಮಗೆ ಬಿಟ್ಟುಹೋಗಿರುವರು. ಅವರ ಕಳ್ಳನನ್ನು ಇಪ್ಪತ್ತು ಸಲ ನೋಡಿ, ಇಪ್ಪತ್ತು ಸಲವೂ ನಕ್ಕವನ ದಿನಚರಿಯೆಲ್ಲಿ? ಅಂಥವರು ಸಾವಿರಾರು ಮಂದಿ ಇದ್ದರೆಂಬುದು ನಿರ್ವಿವಾದ. ಅವರು ಮಕ್ಕಳಿಗೆ ಹೇಳಿದರು, ಮಕ್ಕಳು ಮೊಮ್ಮಕ್ಕಳಿಗೆ ಅರ್ಧ ಹೇಳಿದರು, ಅಲ್ಲಿಗೆ ನಿಂತಿತು.

ವಿಲಾಸೀ ರಂಗಭೂಮಿಯು ಬಂದ ಮೇಲೆ ಪರಿಸ್ಥಿತಿಯು ಬೇರೆಯಾಯಿತು. ಬೆಂಗಳೂರಿನಲ್ಲಿ ೧೯೦೯ರಲ್ಲಿ ಸ್ಥಾಪಿತವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಮೊದಲಾದ ಸಂಘಗಳ ಸದಸ್ಯರು ವಕೀಲರು, ಉಪಾಧ್ಯಾಯರು, ಸರ್ಕಾರೀ ನೌಕರರು. ಹಗಲಿನ ಕೆಲಸವುಳ್ಳವರು ತಿಂಗಳುಗಟ್ಟಲೆ ಆಡಲಾರರು. ಆಟದ ಮಟ್ಟವು ಏರಿತು, ಭಾಷೆಯು ತಿಳಿಯಾಯಿತು. ಆದರೆ ಮೂರು ಪ್ರಯೋಗಗಳಲ್ಲಿ ಮುಗಿದುಹೋಗುವ ನಾಟಕಕ್ಕೆ ಮರಳಿ ಬರುವುದೆಲ್ಲಿಂದ? ಈ ಸುಧಾರಣೆಗೆ ನಾವು ತೆತ್ತ ಬೆಲೆಗಳಲ್ಲಿ ಇದೂ ಒಂದು. ಇದನ್ನು ಯಾರೂ ಎಣಿಕೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಷೇಕ್ಸ್‌ಪಿಯರನ ವಿನೋದವು ಮಾತ್ರ ವೇಷವನ್ನು ಮರೆಸಿಕೊಂಡು ಓಡಾಡುತ್ತಲೇ ಇದ್ದಿತು. ‘ಟೇಮಿಂಗ್ ಆಫ್ ದಿ ಶ್ರೂ’ ನಾಟಕವನ್ನು ಪರ್ವತವಾಣಿಯವರು ‘ಬಹದ್ದೂರ್ ಗಂಡ’ನಾಗಿಸಿದರು, ಹವ್ಯಾಸಿಗಳಿಗೆ ಅದು ಅಚ್ಚುಮೆಚ್ಚಾಯಿತು. ಅದೇ ನಾಟಕದ ಆಧಾರದ ಮೇಲೆ ೧೯೮೯ರಲ್ಲಿ ‘ನಂಜುಂಡಿ ಕಲ್ಯಾಣ’ವೆಂಬ ಚಲನಚಿತ್ರವು ಬಂದು, ಅದನ್ನು ಕನ್ನಡಿಗರು ಮುಗಿಬಿದ್ದು ನೋಡಿದರು. ಒಂದೇ ಚಿತ್ರವನ್ನು ಹತ್ತು ಸಲ ನೋಡಿದೆನೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಅಭಿಮಾನಿಗಳು ನಮ್ಮಲ್ಲಿ ಬಹಳ. ಅವರಲ್ಲಿ ಎಷ್ಟು ಮಂದಿ ತಾವು ಷೇಕ್ಸ್‌ಪಿಯರನಿಗೆ ಹತ್ತು ಸಲ ಹಣ ತೆತ್ತೆವೆಂದು ಬಲ್ಲರು? ಆದರೆ ಚಲನಚಿತ್ರವು ಹತ್ತನೆಯ ಸಲವೂ ಮೊದಲನೆಯ ಸಲದಂತೆಯೇ ಇರುವುದು. ಬದಲಾಗುವವನು ನೋಡುವವನು ಮಾತ್ರ. ಆದಕಾರಣ ಅದು ನಮ್ಮ ಪ್ರಶ್ನೆಗೆ ಪೂರ್ತಿಯಾದ ಉತ್ತರವಾಗದು.

ಇನ್ನು ಊರಿನ ದಕ್ಷಿಣಭಾಗದ ಮಾತು. ಜಯನಗರಕ್ಕೆ ೧೯೪೮ರಲ್ಲಿ ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರು ಶಂಕುಸ್ಥಾಪನೆ ಮಾಡಿದರು; ಅಶೋಕಸ್ತಂಭವು ಅದರ ಗುರುತಾಗಿ ಇಂದಿಗೂ ನಿಂತಿದೆ. ಬನಶಂಕರಿ, ಜಯಪ್ರಕಾಶನಾರಾಯಣರ ಹೆಸರಿನ ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳು ಆಮೇಲೆ ಒಂದೊಂದಾಗಿ ಬೆಳೆದುವು. ಮನೆಗಳು ಬಂದವು, ಉದ್ಯಾನಗಳು ಬಂದವು, ಅಂಗಡಿಗಳು ಬಂದವು. ನಾಟಕ ನೋಡಬೇಕಾದರೆ ಮಾತ್ರ ಬಹುಕಾಲ ಪುರಭವನಕ್ಕೋ, ೧೯೬೩ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರಕ್ಕೋ ಹೋಗಬೇಕಾಗಿದ್ದಿತು. ಕೊನೆಯ ಬಸ್ಸಿನ ಚಿಂತೆಯಿಂದ ಕೊನೆಯ ದೃಶ್ಯವನ್ನು ಬಿಟ್ಟು ಎದ್ದವರನ್ನು ನಾನು ಕಂಡಿರುವೆನು. ಅಂಥವರಲ್ಲಿ ಒಬ್ಬನಾಗಿಯೂ ಇದ್ದೆನು. ಷೇಕ್ಸ್‌ಪಿಯರನು ಈ ದಿಕ್ಕಿನಲ್ಲಿ ರಂಗಕ್ಕೆ ಮುಂಚೆ ಪುಸ್ತಕದಲ್ಲಿ ನೆಲಸಿದನು. ಗವಿಪುರದ ನಿವಾಸಿಗಳಾಗಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಹನ್ನೆರಡನೆಯ ರಾತ್ರಿ’ಯನ್ನು ‘ದ್ವಾದಶರಾತ್ರಿ’ಯೆಂದು ಕನ್ನಡಿಸಿದರು. ಪದ್ಮನಾಭನಗರದಲ್ಲಿದ್ದ ಕೆ. ಎಸ್. ನಿಸಾರ್ ಅಹಮದ್ ಅವರು ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕವನ್ನು ತಂದರು. ಓದುವವನು ಪುಟವನ್ನು ಹಿಂದಕ್ಕೆ ತಿರುವಬಲ್ಲನು. ನೋಡುವವನಿಗೆ ಆ ಅನುಕೂಲವಿಲ್ಲ, ಮರುದಿನ ಮತ್ತೆ ಬರಬೇಕು. ಮರುದಿನ ಆಟವಿರಬೇಕು.

ಆ ಅನುಕೂಲವು ಒದಗಿದುದು ೨೦೦೪ನೆಯ ಅಕ್ಟೋಬರಿನಲ್ಲಿ. ೧೯೯೦ರಲ್ಲಿ ಅಕಾಲಮರಣಕ್ಕೆ ತುತ್ತಾದ ನಟ ನಿರ್ದೇಶಕ ಶಂಕರ್‌ನಾಗ್ ಅವರ ಸ್ಮರಣೆಗಾಗಿ ಅವರ ಪತ್ನಿ ಅರುಂಧತಿ ನಾಗ್ ಅವರೂ ಸಂಕೇತ್ ಸಂಸ್ಥೆಯವರೂ ಜೆ. ಪಿ. ನಗರದ ಎರಡನೆಯ ಹಂತದಲ್ಲಿ ರಂಗಶಂಕರವನ್ನು ಕಟ್ಟಿದರು. ಮುನ್ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಆಸನಗಳು, ಕಡಿದಾಗಿ ಇಳಿಯುವ ಸಾಲುಗಳು, ನಟನ ಉಸಿರು ಕೇಳುವಷ್ಟು ಸಮೀಪದ ರಂಗ. ದಿನಕ್ಕೊಂದು ನಾಟಕವೆಂಬುದು ಅಲ್ಲಿಯ ಸಂಕಲ್ಪ. ಹೊತ್ತು ಮೀರಿ ಬಂದವನನ್ನು ಒಳಕ್ಕೆ ಬಿಡುವುದಿಲ್ಲವೆಂಬುದು ಅಲ್ಲಿಯ ನಿಯಮ. ಈ ನಿಯಮವನ್ನು ಶಪಿಸಿ ಬಾಗಿಲಿನಿಂದ ಹಿಂದಿರುಗಿದವರುಂಟು. ಅವರೇ ಮುಂದಿನ ವಾರ ಅರ್ಧ ಗಂಟೆ ಮುಂಚೆ ಬಂದು ಅಕ್ಕಿರೊಟ್ಟಿ ತಿನ್ನುತ್ತ ಕುಳಿತಿರುವುದನ್ನೂ ಕಾಣಬಹುದು. ಕಂಪೆನಿಯ ಕಾಲದ ಒಂದು ಗುಣವನ್ನು, ಎಂದರೆ ನಾಳೆಯೂ ಆಟವುಂಟೆಂಬ ಭರವಸೆಯನ್ನು, ಈ ಮಂದಿರವು ಹೊಸ ರೀತಿಯಲ್ಲಿ ಮರಳಿ ತಂದಿತು. ಒಂದು ತಂಡವು ಒಂದೇ ನಾಟಕವನ್ನು ಎತ್ತಿಕೊಂಡು ಕೆಲವು ದಿನ ಆಡುವುದು, ಹೋಗುವುದು, ಮತ್ತೆ ಬರುವುದು.

ಹಾಗೆ ಬಂದವುಗಳಲ್ಲಿ ಒಂದು ‘ಪಿಯಾ ಬೆಹರೂಪಿಯಾ’. ೨೦೧೨ರ ಏಪ್ರಿಲಿನಲ್ಲಿ ಲಂಡನ್ನಿನ ಗ್ಲೋಬ್ ನಾಟಕಶಾಲೆಯವರು ಷೇಕ್ಸ್‌ಪಿಯರನ ೩೭ ಕೃತಿಗಳನ್ನು ೩೭ ಭಾಷೆಗಳಲ್ಲಿ ಆಡಿಸುವ ಉತ್ಸವವನ್ನು ಏರ್ಪಡಿಸಿದರು. ಗುಜರಾತಿಯೂ ಬಂಗಾಳಿಯೂ ಉರ್ದುವೂ ಅಲ್ಲಿ ಇದ್ದುವು; ಕನ್ನಡವು ಇರಲಿಲ್ಲ. ೧೮೭೧ರಿಂದ ಆ ಕವಿಯನ್ನು ಮನೆಯವನನ್ನಾಗಿ ಮಾಡಿಕೊಂಡ ನಮಗೆ ಇದು ಸ್ವಲ್ಪ ನೋವಿನ ಸಂಗತಿಯೇ. ಹಿಂದಿಯ ಪಾಲಿಗೆ ಬಂದುದು ‘ಹನ್ನೆರಡನೆಯ ರಾತ್ರಿ’. ಅಮಿತೋಷ್ ನಾಗಪಾಲ್ ಅವರು ಭಾಷಾಂತರಿಸಿದ ಆ ರೂಪವನ್ನು ಅತುಲ್ ಕುಮಾರ್ ಅವರು ತಮ್ಮ ‘ಕಂಪೆನಿ ಥಿಯೇಟರ್’ ತಂಡಕ್ಕಾಗಿ ನಿರ್ದೇಶಿಸಿದರು. ಉತ್ತರದೇಶದ ನೌಟಂಕಿಯ ಛಾಯೆ, ರಂಗದ ಮೇಲೆಯೇ ವಾದ್ಯಗಾರರು, ತಮ್ಮ ಸರದಿ ಬರುವವರೆಗೂ ಹಿಂದೆ ಕುಳಿತು ಮೇಳದಲ್ಲಿ ದನಿಗೂಡಿಸುವ ನಟರು. ನಮ್ಮ ಬಯಲಾಟವನ್ನೂ ದೊಡ್ಡಾಟವನ್ನೂ ಬಲ್ಲವನಿಗೆ ಇದು ಪರದೇಶದ ಸರಕೆಂದು ತೋರದು. ವಯೋಲಾ ಆಗಿ ಗೀತಾಂಜಲಿ ಕುಲಕರ್ಣಿಯವರು ಅಭಿನಯಿಸಿದರು.

ಈ ಲೇಖಕನು ಆ ನಾಟಕವನ್ನು ರಂಗಶಂಕರದಲ್ಲಿ ನಾಲ್ಕು ಸಂಜೆ ನೋಡಿರುವನು. ಮೊದಲನೆಯದು ಕುತೂಹಲದಿಂದ, ಉಳಿದ ಮೂರೂ ಆ ವಯೋಲಾಳಿಗಾಗಿ. ಹಿಂದಿಯು ನನ್ನ ಮನೆಮಾತಲ್ಲ. ಮೊದಲನೆಯ ಸಂಜೆ ಅರ್ಧದಷ್ಟು ನಗುವು ನನ್ನ ಪಕ್ಕದವರದೇ. ಅವರು ನಕ್ಕ ಮೇಲೆ ನಾನು ನಕ್ಕೆನು. ಎರಡನೆಯ ಸಂಜೆಯ ಹೊತ್ತಿಗೆ ಮಾತಿನ ಹಂಗು ಕಳೆದಿದ್ದಿತು. ಕಥೆಯು ಮುಂದೇನಾಗುವುದೆಂಬ ಕಾತರವಿಲ್ಲದವನಿಗೆ ಮಾತ್ರ ಕಾಣುವ ಸಂಗತಿಗಳು ರಂಗದ ಮೇಲೆ ಎಷ್ಟೋ ಇರುವುವು. ಹಿಂದೆ ಕುಳಿತ ನಟರು ಮುಂದೆ ಆಡುತ್ತಿರುವವರನ್ನು ನೋಡುವ ಬಗೆಯು ಅವುಗಳಲ್ಲಿ ಒಂದು. ಅವರೂ ನನ್ನಂತೆ ಮರಳಿ ಮರಳಿ ನೋಡುತ್ತಿರುವ ಪ್ರೇಕ್ಷಕರೇ ತಾನೆ!

ಮೂಲದಲ್ಲಿ ಒಂದು ಪ್ರಸಂಗವಿದೆ. ಗಂಡುವೇಷದ ವಯೋಲಾ ತಾನು ಒಲಿದ ಪ್ರಭುವಿನ ಎದುರಿನಲ್ಲಿಯೇ, ಒಲವನ್ನು ಹೊರಗೆಡಹದೆ ಕೊರಗಿದ ತನ್ನ ‘ತಂಗಿ’ಯೊಬ್ಬಳ ಕಥೆಯನ್ನು ಹೇಳುವಳು. ತಂಗಿಯೆಂಬವಳು ಇಲ್ಲವೇ ಇಲ್ಲ; ಅವಳು ಹೇಳುತ್ತಿರುವುದು ತನ್ನನ್ನೇ. ಮೊದಲ ಸಲ ನೋಡುವವನು ಪ್ರಭುವಿಗೆ ಇದು ತಿಳಿಯುವುದೋ ಇಲ್ಲವೋ ಎಂದು ಪ್ರಭುವಿನ ಮುಖವನ್ನು ನೋಡುವನು. ಮರಳಿ ಬಂದವನಿಗೆ ಆ ಉತ್ತರವು ಗೊತ್ತು. ಅವನು ಮಾತಿಗೆ ಮುಂಚಿನ ಆ ಒಂದು ಕ್ಷಣದ ಮೌನಕ್ಕಾಗಿ ಕಾದಿರುವನು. ಅಮಿತೋಷರ ಸೆಬಾಸ್ಟಿಯನ್ನನ ವಿಷಯವೂ ಹಾಗೆಯೇ. ಭಾಷಾಂತರಕಾರರೇ ಆ ಪಾತ್ರವನ್ನು ವಹಿಸಿದ್ದರಿಂದ, ಕವಿಯು ತನಗೆ ಹೆಚ್ಚು ಮಾತುಗಳನ್ನು ಕೊಡಲಿಲ್ಲವೆಂದು ಆತನು ಸಭೆಯೊಡನೆ ಗೊಣಗುವನು. ಮೊದಲ ಸಲ ಅದು ಹಾಸ್ಯ. ಮೂರನೆಯ ಸಲ ನನಗೆ ಅದು ಭಾಷಾಂತರಕಾರರೆಲ್ಲರ ಅಹವಾಲಿನಂತೆ ಕೇಳಿಸಿತು; ಚನ್ನಬಸಪ್ಪನವರೂ ವೆಂಕಟಾಚಾರ್ಯರೂ ನೆನಪಾದರು.

ಮರುನೋಟಕ್ಕೆ ಒಂದು ಕೇಡೂ ಉಂಟೆಂಬುದನ್ನು ಮರೆಮಾಚಬಾರದು. ನಗುವಿಗೆ ಅನಿರೀಕ್ಷಿತವೇ ಪ್ರಾಣ. ಮಾಲ್ವೋಲಿಯೋವಿಗೆ ಸುಳ್ಳು ಪತ್ರವು ಸಿಕ್ಕಿ ಅವನು ಒಡತಿಯ ಒಲವು ತನ್ನದೆಂದು ಉಬ್ಬುವಾಗ ಮೊದಲನೆಯ ಸಂಜೆ ಸಭೆಯೆಲ್ಲವೂ ಒಂದಾಗಿ ನಗುವುದು. ಮುಂದೆ ಅವನನ್ನು ಹುಚ್ಚನೆಂದು ಕತ್ತಲಕೋಣೆಗೆ ತಳ್ಳುವರೆಂದು ತಿಳಿದವನಿಗೆ ಅಷ್ಟು ಸುಲಭವಾಗಿ ನಗಲು ಬಾರದು. ಬೆನ್ಸ್‌ಲಿಯ ಅಭಿನಯದಲ್ಲಿ ತಾನು ದುರಂತವನ್ನು ಕಂಡೆನೆಂದು ಲ್ಯಾಂಬನು ಹೇಳಿದುದನ್ನು ಮೊದಲು ಓದಿದಾಗ, ಇದು ಮುದುಕನ ಅತಿಶಯೋಕ್ತಿಯೆಂದು ನಾನು ಎಣಿಸಿದ್ದೆನು. ಈಗ ನನ್ನ ಅಭಿಪ್ರಾಯವು ಬೇರೆ. ಅದು ಬೆನ್ಸ್‌ಲಿಯ ಗುಣವೆಷ್ಟೋ, ಮರಳಿ ಮರಳಿ ಹೋದ ಲ್ಯಾಂಬನ ಕಣ್ಣಿನ ಗುಣವೂ ಅಷ್ಟೇ ಎಂದು ತೋರುವುದು. ಪೀಪ್ಸನಿಗೆ ಮೂರು ಸಲವೂ ಅದು ಕಾಣಿಸದೆ ಹೋದುದು ಬೇರೆ ಮಾತು. ಅವನ ಕಣ್ಣು ಸರ್ ಟೋಬಿಯ ಮೇಲಿದ್ದಿತೇನೋ.

ನಾಲ್ಕು ಸಂಜೆಗಳ ಟಿಕೀಟಿನ ಚೂರುಗಳನ್ನು ನಾನು ಒಂದು ನೋಟುಪುಸ್ತಕದಲ್ಲಿ ಅಂಟಿಸಿಟ್ಟಿರುವೆನು. ಮೊದಲನೆಯದರ ಕೆಳಗೆ ಏನನ್ನೂ ಬರೆದಿಲ್ಲ. ಬರೆಯಬೇಕೆಂದು ಆಗ ತೋರಲಿಲ್ಲ. ಎರಡನೆಯದರ ಕೆಳಗೆ ಹಾಡುಗಳ ಸರದಿಯಿದೆ. ಮೂರನೆಯದರ ಕೆಳಗೆ ಇರುವುದು ತಂಗಿಯ ಕಥೆಗೆ ಮುಂಚಿನ ಮೌನದ ಮಾತು. ನಾಲ್ಕನೆಯದರ ಕೆಳಗೆ, ಕೊನೆಯಲ್ಲಿ ಮಾಲ್ವೋಲಿಯೋ ಹೊರಟುಹೋಗುವಾಗ ಸಭೆಯ ನಗುವು ಮೊದಲು ಯಾವ ಸಾಲಿನಲ್ಲಿ ನಿಂತಿತೆಂಬುದನ್ನು ಗುರುತುಹಾಕಿರುವೆನು: ಬಲಗಡೆ, ಮೇಲಿನಿಂದ ಮೂರನೆಯ ಸಾಲು. ಅಲ್ಲಿ ಕುಳಿತಿದ್ದ ವೃದ್ಧ ದಂಪತಿಗಳನ್ನು ನಾನು ಎರಡನೆಯ ಸಂಜೆಯೂ ಕಂಡಿದ್ದೆನು.